ಕೈಯಿಂದ ಪರಾಗ ಮುಟ್ಟಿಸಿದರೂ ಸೀತಾಳೆ ಕಾಯಿ ಕಟ್ಟದಿದ್ದಾಗ

ಪರಾಗ ಮುಟ್ಟಿಸಿದ ಸೀತಾಳೆ (ಆರ್ಕಿಡ್) ಹೂಗಳೆಲ್ಲ ಕೆಲವೇ ದಿನಗಳಲ್ಲಿ ತೊಟ್ಟುಸಹಿತ ಹಳದಿಯಾಗಿ ಉದುರುತ್ತಿದ್ದವು. ತಪ್ಪು ಎರಡು ಕಡೆ ಇತ್ತು. ಪರಾಗದ ಉಂಡೆಯ ಮೇಲಿನ ಬಿಳಿ ಟೋಪಿ (ಪರಾಗಕೋಶದ ಮುಚ್ಚಳ) ಅರ್ಧ ಅಂಟಿಕೊಂಡೇ ಇತ್ತು. ಜೊತೆಗೆ, ಒಂದೇ ಗಿಡದ ಹೂವಿನಿಂದ ಹೂವಿಗೆ ಪರಾಗ ಹೋಗುತ್ತಿತ್ತು. ಡೆಂಡ್ರೋಬಿಯಂ ಎಂಬ ಸೀತಾಳೆ ಕುಲದ ಅನೇಕ ಪ್ರಭೇದಗಳು ಸ್ವಂತ ಪರಾಗವನ್ನು ಒಪ್ಪುವುದಿಲ್ಲ. ಬುಡ ಒಡೆದು ಹುಟ್ಟಿದ ಪಕ್ಕದ ಗಿಡವೂ ಅದೇ ಗಿಡವೇ, ಆದ್ದರಿಂದ ದೂರದ ಬೇರೆ ಗಿಡದ ಪರಾಗ ತರಬೇಕು.

ಈಗಿನ ಕ್ರಮ: ಹೂ ಅರಳಿದ ಮೂರು-ನಾಲ್ಕನೇ ದಿನ, ಮಳೆಯಿಲ್ಲದ ಬೆಳಿಗ್ಗೆ ಕೆಲಸ. ಹಲ್ಲುಕಡ್ಡಿಯ ತುದಿಯನ್ನು ಶಲಾಕಾಗ್ರದ (ಪರಾಗ ಹಿಡಿಯುವ ಗುಳಿಯ) ಅಂಟಿಗೆ ತಾಗಿಸಿ, ಸ್ತಂಭದ (ಹೂವಿನ ನಡುವಿನ ಕಂಬದ) ತುದಿಯ ಟೋಪಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ. ಹಳದಿ ಉಂಡೆಗಳು ಕಡ್ಡಿಗೆ ಬರುತ್ತವೆ. ಟೋಪಿ ಪೂರ್ತಿ ಬಿಡಿಸಿ. ಆಮೇಲೆ ಇನ್ನೊಂದು ಗಿಡದ ಹೂವಿನಲ್ಲಿ, ಸ್ತಂಭದ ಒಳಮೈಯ ಹೊಳೆಯುವ ಗುಳಿಯೊಳಕ್ಕೆ ಒತ್ತಿ. ಸುಮ್ಮನೆ ಸವರಿದರೆ ಜಾರಿಬೀಳುತ್ತದೆ. ಪ್ರತಿ ಗಿಡಕ್ಕೂ ಹೊಸ ಕಡ್ಡಿ.

ಎರಡೂ ಗಿಡ ಒಟ್ಟಿಗೆ ಅರಳದಿದ್ದರೆ ಉಂಡೆಗಳನ್ನು ಕಾಗದದಲ್ಲಿ ಮಡಚಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನ 4 ಡಿಗ್ರಿಯಲ್ಲಿಡಿ.

ದಳ ಬಾಡುವುದು ಸೋಲಲ್ಲ. ಗುಳಿ ಮುಚ್ಚಿಕೊಂಡು ದಳದ ಹಿಂದಿನ ತೊಟ್ಟು ಹಸಿರಾಗಿಯೇ ದಪ್ಪವಾದರೆ ಕಾಯಿ ನಿಂತಿದೆ. ಕಾಯಿ ಬಲಿಯಲು ತಿಂಗಳುಗಳೇ ಬೇಕು, ಗಿಡದ ಶಕ್ತಿಯೆಲ್ಲ ಅದಕ್ಕೆ ಹೋಗುತ್ತದೆ. ಹಾಗಾಗಿ ಒಂದು ಗಿಡಕ್ಕೆ ಒಂದೋ ಎರಡೋ ಕಾಯಿ ಸಾಕು; ಬಡಕಲು ಗಿಡವನ್ನು ಮುಟ್ಟಲೇಬೇಡಿ. ಧೂಳಿನಂಥ ಬೀಜ ಹಾರಿಹೋಗದಂತೆ ಕಾಯಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಕಾಡಿನ ಗಿಡವಾದರೆ ಲಿಖಿತ ಅನುಮತಿ ಮೊದಲು.