ಅಪಾರ್ಟ್‌ಮೆಂಟ್ ಸಭೆಯಲ್ಲಿ ನೀರಿನ ಮೀಟರ್‌ಗೆ ಒಪ್ಪಿಗೆ ಪಡೆಯುವುದು ಹೇಗೆ

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಎದ್ದು ನಿಂತು ‘ಮನೆಮನೆಗೂ ನೀರಿನ ಮೀಟರ್ ಹಾಕಿಸೋಣ’ ಅಂದರೆ ಮೊದಲು ಬರುವ ಮಾತು ‘ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?’ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಬೆಂಗಳೂರಿನ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಿದ್ದು ಯಾರೂ ಮರೆತಿಲ್ಲ. ಆದರೂ ಒಪ್ಪುವುದಿಲ್ಲ. ನೀರು ಉಳಿಸುವುದರ ಬಗ್ಗೆ ಅಲ್ಲಿ ಯಾರದ್ದೂ ತಕರಾರಿಲ್ಲ. ‘ನಮ್ಮನೆಗೆ ಎಷ್ಟು ಬೀಳುತ್ತೆ?’ ಅನ್ನುವುದಕ್ಕೆ ಉತ್ತರ ಸಿಕ್ಕಿಲ್ಲ, ಅಷ್ಟೇ. ನಿಮ್ಮ ಪ್ರೆಸೆಂಟೇಶನ್ ಇರುವುದು ಆ ಒಂದು ಉತ್ತರಕ್ಕೆ.

ಹಾಗಾಗಿ ಅಂತರ್ಜಲ, ಹವಾಮಾನ, ಮುಂದಿನ ಪೀಳಿಗೆ ಎಲ್ಲವನ್ನೂ ಪಕ್ಕಕ್ಕಿಡಿ. ಸಂಘದ ಖಜಾಂಚಿಯಿಂದ ಕಳೆದ 12 ತಿಂಗಳ ಟ್ಯಾಂಕರ್ ಬಿಲ್ ತೆಗೆದುಕೊಳ್ಳಿ. ಉದಾಹರಣೆಗೆ 60 ಮನೆ, ತಿಂಗಳಿಗೆ 60 ಟ್ಯಾಂಕರ್, ಒಂದಕ್ಕೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 60,000 ಅಂದರೆ ಜನ ಆಕಳಿಸುತ್ತಾರೆ. ‘ಮನೆಗೆ ತಿಂಗಳಿಗೆ 1,000, ಇಬ್ಬರೇ ಇರುವ ಮನೆಗೂ ಅಷ್ಟೇ, ಆರು ತಿಂಗಳಿಂದ ಬೀಗ ಹಾಕಿರುವ ಮನೆಗೂ ಅಷ್ಟೇ’ ಅಂದರೆ ಬೆನ್ನು ನೆಟ್ಟಗಾಗುತ್ತದೆ.

ಆದರೆ ಇದೇ ಮಾತು ಐದು ಜನರಿರುವ ಮನೆಯವರನ್ನು ಹೆದರಿಸುತ್ತದೆ, ಪ್ರಸ್ತಾವ ಬಿದ್ದುಹೋಗುವುದು ಸಾಮಾನ್ಯವಾಗಿ ಇಲ್ಲೇ. ಅವರಿಗೂ ಲೆಕ್ಕ ಸಿದ್ಧವಿರಲಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುವುದು ವಾಡಿಕೆಯ ಮಾನದಂಡ. ಐದು ಜನಕ್ಕೆ ತಿಂಗಳಿಗೆ ಸುಮಾರು 20,000 ಲೀಟರ್ ಆಯಿತು. ಅಲ್ಲಿಯವರೆಗೆ ಕಡಿಮೆ ದರ, ಅದರ ಮೇಲೆ ಹೆಚ್ಚು ದರ ಎಂದು ಸ್ಲ್ಯಾಬ್ ಮಾಡಿ ತೋರಿಸಿದರೆ ದೊಡ್ಡ ಕುಟುಂಬಕ್ಕೂ ಸಮಾಧಾನ.

ನಿಜವಾದ ಕೆಲಸ ಸಭೆಗೆ ಒಂದು ವಾರ ಮೊದಲೇ ಆಗಬೇಕು. ವಿರೋಧಿಸುವ ಎರಡು ಮೂರು ಮನೆಗಳು ಯಾವುವೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿಗೆ ಹೋಗಿ, ‘ಸಾರ್, ಇದರಲ್ಲಿ ಏನು ತಪ್ಪಿದೆ ಹೇಳಿ, ತಿದ್ಕೋತೀನಿ’ ಎಂದು ಕೇಳಿ. ವಾದ ಬೇಡ, ಬರೆದುಕೊಳ್ಳಿ. ಸಭೆಯಲ್ಲಿ ಗಟ್ಟಿಯಾಗಿ ಎದುರಾಡಿದ ಮೇಲೆ ಮಾತು ಬದಲಿಸುವುದು ಯಾರಿಗಾದರೂ ಕಷ್ಟ. ಮನೆಯಲ್ಲಿ ಕಾಫಿ ಕುಡಿಯುತ್ತಾ ಬದಲಿಸುವುದು ಸುಲಭ.

ಪ್ಲಂಬರ್‌ನನ್ನು ಕರೆದು ಡಕ್ಟ್ (ಕಟ್ಟಡದಲ್ಲಿ ಪೈಪುಗಳು ಇಳಿಯುವ ಕಿರಿದಾದ ಜಾಗ) ನೋಡಿಸುವುದೂ ಆ ವಾರದ ಕೆಲಸ. ಹಳೆಯ ಕಟ್ಟಡಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಪ್ರತಿ ಡಕ್ಟ್‌ನಲ್ಲೂ ಬೇರೆ ಬೇರೆ ಪೈಪ್ ಇಳಿದಿರುತ್ತದೆ; ಅಡುಗೆಮನೆಗೊಂದು, ಒಂದೊಂದು ಬಾತ್‌ರೂಮಿಗೆ ಒಂದೊಂದು. ಅಂದರೆ ಮನೆಗೆ ಒಂದು ಮೀಟರ್ ಸಾಲದು, ಮೂರು ನಾಲ್ಕು ಬೇಕಾಗಬಹುದು. ಒಂದೇ ಮೀಟರಿನ ಖರ್ಚು ತೋರಿಸಿ, ‘ನಮ್ಮನೇಲಿ ನಾಲ್ಕು ಇನ್‌ಲೆಟ್ ಇದೆಯಲ್ಲಾ?’ ಎಂಬ ಪ್ರಶ್ನೆಗೆ ತಡವರಿಸಿದರೆ ಆಮೇಲೆ ಹೇಳಿದ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಉಪಾಯ. ಐದಾರು ಮನೆಯವರಿಗೆ ಹೇಳಿ, ರಾತ್ರಿ ಫ್ಲಶ್ ಟ್ಯಾಂಕಿಗೆ ಅಡುಗೆಗೆ ಬಳಸುವ ಕೆಂಪು ಬಣ್ಣ ನಾಲ್ಕು ಹನಿ ಹಾಕಿಸಿ. ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದಾಗ ಕಮೋಡಿನೊಳಗೆ ಬಣ್ಣ ಕಂಡರೆ ಸೋರಿಕೆ ಇದೆ ಎಂದೇ ಅರ್ಥ. ಸಭೆಯಲ್ಲಿ ಅವರೇ ಎದ್ದು ‘ನಮ್ಮಲ್ಲಿ ಸೋರ್ತಿತ್ತು, ಗೊತ್ತೇ ಇರಲಿಲ್ಲ’ ಅನ್ನಲಿ. ನಿಮ್ಮ ಹತ್ತು ಸ್ಲೈಡಿಗಿಂತ ಅದು ಹೆಚ್ಚು ನಾಟುತ್ತದೆ. ಸೋರುವ ಮನೆಯ ನಂಬರನ್ನು ಮಾತ್ರ ನೀವಾಗಿ ತೆರೆಯ ಮೇಲೆ ಹಾಕಬೇಡಿ. ಒಮ್ಮೆ ಮುಜುಗರಪಟ್ಟವರು ಮೀಟರ್‌ಗೆ ಕೈ ಎತ್ತುವುದಿಲ್ಲ.

ಸ್ಲೈಡ್ ಆರು ಸಾಕು: ಈಗಿನ ಖರ್ಚು, ನಿಮ್ಮ ಮನೆಯ ಪಾಲು, ಸೋರಿಕೆ ಪರೀಕ್ಷೆ, ಮೀಟರಿನ ಖರ್ಚು, ಸ್ಲ್ಯಾಬ್, ಠರಾವು. ಅಕ್ಷರ 28 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ. ಎಕ್ಸೆಲ್ ಶೀಟನ್ನು ಹಾಗೇ ಅಂಟಿಸಿದರೆ ಹಿಂದಿನ ಸಾಲಿನವರು ಫೋನ್ ತೆಗೆದರೆಂದೇ ಲೆಕ್ಕ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ್ದು ಬೇರೆಯವರ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಪಿಡಿಎಫ್ ಪ್ರತಿಯೂ ಪೆನ್‌ಡ್ರೈವ್‌ನಲ್ಲಿರಲಿ. ಕ್ಲಬ್‌ಹೌಸ್‌ನಲ್ಲಿ ಹಗಲು ಬೆಳಕಿಗೆ ಪ್ರೊಜೆಕ್ಟರ್ ಮಂಕಾಗುತ್ತದೆ, ಸಭೆಯ ಹೊತ್ತಿಗೇ ಹಿಂದಿನ ದಿನ ಹೋಗಿ ನೋಡಿ ಬನ್ನಿ.

ಮಾತು ಹತ್ತು ನಿಮಿಷ, ಪ್ರಶ್ನೆಗೆ ಇಪ್ಪತ್ತು. ‘ಮನೆಯ ಪಾಲು’ ಸ್ಲೈಡ್ ಬಂದಾಗ ಐದು ಸೆಕೆಂಡು ಬಾಯಿ ಮುಚ್ಚಿಕೊಳ್ಳಿ. ಬಹಳ ಉದ್ದ ಅನ್ನಿಸುತ್ತದೆ, ಆದರೂ ತಡೆಯಿರಿ. ಅಷ್ಟರಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ಮನೆಯ ತಲೆ ಎಣಿಸಿರುತ್ತಾರೆ. ಒಂದು ನಿಜವಾದ ಮೀಟರನ್ನು ಕೈಯಿಂದ ಕೈಗೆ ದಾಟಿಸಿ, ಹಿರಿಯರು ಕನ್ನಡಕ ಸರಿಮಾಡಿಕೊಂಡು ಅಂಕಿ ಓದಲಿ. ಮುಖ್ಯ ಆಕ್ಷೇಪಗಳನ್ನು ಅವರು ಎತ್ತುವ ಮೊದಲೇ ನೀವೇ ಹೇಳಿ: ‘ಖರ್ಚಿದೆ, ಎರಡು ದಿನ ನೀರು ನಿಲ್ಲಬಹುದು, ರೀಡಿಂಗ್ ಬರೆಯೋಕೆ ಒಬ್ಬರು ಬೇಕು.’ ಮುಚ್ಚಿಟ್ಟದ್ದನ್ನು ಅವರೇ ಹುಡುಕಿ ತೆಗೆದರೆ ನೀವು ಮೀಟರ್ ಕಂಪನಿಯ ಏಜೆಂಟ್ ಆಗಿಬಿಡುತ್ತೀರಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ‘ಭಾನುವಾರದೊಳಗೆ ಗ್ರೂಪಿಗೆ ಹಾಕ್ತೀನಿ’ ಅನ್ನಿ, ಹಾಕಿ.

ಕೊನೆಗೆ ‘ಎಲ್ಲರೂ ಯೋಚಿಸಿ’ ಎಂದು ಬಿಟ್ಟರೆ ಮುಂದಿನ ವರ್ಷವೂ ಇದೇ ಸಭೆ. ಪೂರ್ತಿ ಯೋಜನೆಗೆ ಅವತ್ತೇ ಒಪ್ಪಿಗೆ ಕೇಳುವುದೂ ಅತಿಯಾಸೆ. ಚಿಕ್ಕದನ್ನು ಕೇಳಿ: ಒಂದು ಬ್ಲಾಕಿನಲ್ಲಿ ಮೂರು ತಿಂಗಳ ಪ್ರಯೋಗ, ಮೂರು ಕೊಟೇಶನ್, ಮೂವರ ಸಮಿತಿ. ಆ ಮೂವರಲ್ಲಿ ಒಬ್ಬರು ವಿರೋಧಿಸಿದವರೇ ಇರಲಿ. ಠರಾವಿನ ವಾಕ್ಯ ಕೊನೆಯ ಸ್ಲೈಡಿನಲ್ಲಿ ಅಕ್ಷರಶಃ ಇರಬೇಕು. ಸಭೆಯ ನೋಟಿಸಿನಲ್ಲೂ ಈ ವಿಷಯ ಸೇರಿಸಿಸಿ, ಇಲ್ಲದಿದ್ದರೆ ‘ಅಜೆಂಡಾದಲ್ಲೇ ಇಲ್ಲ’ ಎಂದು ಯಾರಾದರೂ ಎದ್ದರೆ ಇಷ್ಟು ಹೊತ್ತಿನ ಕೆಲಸ ನೀರುಪಾಲು. ಕೈ ಎತ್ತಿಸಿ ಎಣಿಸಿ, ಸಂಖ್ಯೆಯನ್ನು ಅಲ್ಲೇ ನಡಾವಳಿ ಪುಸ್ತಕಕ್ಕೆ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿಕೊಂಡೇ ಲ್ಯಾಪ್‌ಟಾಪ್ ಮುಚ್ಚಿ.