ಎಲೈಸಾದಲ್ಲಿ ಪಾಸಾದ ಆ್ಯಂಟಿಬಾಡಿ ಸೆಲ್ ಮೇಲೆ ಕೂರ್ಲೇ ಇಲ್ಲ: ನನ್ನ ಅನುಭವ

ಪಿಎಚ್‌ಡಿ ಎರಡನೇ ವರ್ಷ ನಂಗೆ ಮನುಷ್ಯರ ಇಜಿಎಫ್ ರಿಸೆಪ್ಟರನ್ನ (ಸೆಲ್ ಹೊರಮೈ ಮೇಲಿದ್ದು, ಇಜಿಎಫ್ ಅನ್ನೋ ಬೆಳವಣಿಗೆ ಸಂಕೇತ ಹಿಡಿಯೋ ಪ್ರೋಟೀನ್) ಹಿಡಿಯೋ ಆ್ಯಂಟಿಬಾಡಿ ಬೇಕಿತ್ತು, ಅದೂ ಜೀವಂತ ಸೆಲ್ ಮೇಲೆ ಅದು ಹೇಗಿರತ್ತೋ ಹಾಗೇ ಹಿಡೀಬೇಕು. ಕೊಂಡ್ಕೊಳೋಣ ಅಂದ್ರೆ ನಮಗೆ ಬೇಕಿದ್ದಷ್ಟಕ್ಕೆ ಗ್ರ್ಯಾಂಟ್ ಸಾಲ್ತಿರ್ಲಿಲ್ಲ, ಹಾಗಾಗಿ ನಾವೇ ಹೈಬ್ರಿಡೋಮಾ (ಆ್ಯಂಟಿಬಾಡಿ ಮಾಡೋ ಸೆಲ್ಲೂ ಕ್ಯಾನ್ಸರ್ ಸೆಲ್ಲೂ ಬೆಸೆದಿದ್ದು) ಮಾಡೋಣ ಅಂದ್ರು ನಮ್ಮ ಗೈಡ್ ಮೇಡಂ.

ದಾರಿ ಹಳೇದೇ, 1975ರಲ್ಲಿ ಕೇಂಬ್ರಿಡ್ಜಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ತೋರ್ಸಿದ್ದು. ಎಥಿಕ್ಸ್ ಕಮಿಟಿ ಅನುಮತಿ ಬಂದ್ಮೇಲೆ ಬಾಲ್ಬ್-ಸಿ ಇಲಿಗಳಿಗೆ ಇಂಜೆಕ್ಷನ್ ಕೊಟ್ಟು, ಸ್ಪ್ಲೀನ್ (ಗುಲ್ಮ) ಸೆಲ್‌ಗಳನ್ನ ಎಸ್‌ಪಿ2/0 ಮೈಲೋಮಾ (ಕ್ಯಾನ್ಸರ್ ಸೆಲ್) ಜೊತೆ ಪೆಗ್ (ಸೆಲ್‌ಗಳನ್ನ ಬೆಸೆಯೋ ರಾಸಾಯನಿಕ) ಹಾಕಿ ಫ್ಯೂಸ್ ಮಾಡಿ, ಹ್ಯಾಟ್ ಮೀಡಿಯಂನಲ್ಲಿ (ಹೈಪೋಕ್ಸಾಂಥಿನ್, ಅಮಿನೋಪ್ಟೆರಿನ್, ಥೈಮಿಡಿನ್ ಇರೋದು) ಇಟ್ವಿ. ಮೈಲೋಮಾಗೆ ಎಚ್‌ಜಿಪಿಆರ್‌ಟಿ ಕಿಣ್ವ ಇಲ್ಲ, ಡಿಎನ್‌ಎ ಮಾಡೋ ಮುಖ್ಯ ದಾರಿ ಮುಚ್ಚೋ ಅಮಿನೋಪ್ಟೆರಿನ್ ಇದ್ರೆ ಸಾಯತ್ತೆ, ಸ್ಪ್ಲೀನ್ ಸೆಲ್ ತಾನಾಗೇ ಕೆಲವೇ ದಿನದಲ್ಲಿ ಹೋಗ್ಬಿಡತ್ತೆ, ಉಳಿಯೋದು ಎರಡೂ ಸೇರಿದ್ದು ಮಾತ್ರ. ಹತ್ತನೇ ದಿನ ಪ್ಲೇಟಿನ ಬಾವಿಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಕಾಲೊನಿ ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ತಪ್ಪಾಗಿದ್ದು ಅದಕ್ಕೂ ಮುಂಚೆ. ಇಲಿಗೆ ಕೊಟ್ಟಿದ್ದು ಇ.ಕೋಲೈನಲ್ಲಿ ಮಾಡಿದ ರಿಸೆಪ್ಟರ್ ತುಂಡು, ಸ್ಕ್ರೀನ್ ಮಾಡಿದ್ದೂ ಅದೇ ತುಂಡನ್ನ ಪ್ಲೇಟಿಗೆ ಅಂಟಿಸಿ ಎಲೈಸಾದಲ್ಲಿ (ಆ್ಯಂಟಿಬಾಡಿ ಕೂತ್ರೆ ಬಣ್ಣ ಬರೋ ಪರೀಕ್ಷೆ). ಬ್ಯಾಕ್ಟೀರಿಯಾ ಸಕ್ಕರೆ ಸರಪಳಿ ಸೇರ್ಸಲ್ಲ, ಪ್ರೋಟೀನಿನ ಮಡಿಕೆಯೂ ಸರಿ ಬರ್ದೇ ಇರಬಹುದು. ಎಲೈಸಾದಲ್ಲಿ 30ಕ್ಕೂ ಹೆಚ್ಚು ಬಾವಿ ಹಳದಿಯಾಯ್ತು, ಆರನ್ನ ಆರಿಸಿ ಎರಡೆರಡು ಸಲ ಕ್ಲೋನ್ (ಒಂದೇ ಸೆಲ್ಲಿಂದ ಬೆಳೆಸೋದು) ಮಾಡಿದೆ, ಎರಡೂವರೆ ತಿಂಗಳು ಹೋಯ್ತು, ಆಮೇಲೆ ಎ431 ಸೆಲ್ ಮೇಲೆ ಫ್ಲೋ (ಫ್ಲೋ ಸೈಟೋಮೆಟ್ರಿ, ಒಂದೊಂದೇ ಸೆಲ್ಲಿನ ಬಣ್ಣವನ್ನ ಲೇಸರಲ್ಲಿ ಅಳೆಯೋದು) ಮಾಡಿದ್ರೆ ಒಂದೂ ಕೂರ್ಲಿಲ್ಲ. ಎ431 ಅಂದ್ರೆ ಒಂದೊಂದು ಸೆಲ್ ಮೇಲೂ ಹತ್ತು ಲಕ್ಷಕ್ಕಿಂತ ಹೆಚ್ಚು ಇಜಿಎಫ್ ರಿಸೆಪ್ಟರ್ ಇರೋ ಸೆಲ್, ಅದರಲ್ಲೇ ಕಾಣ್ಲಿಲ್ಲ ಅಂದ್ರೆ ಇನ್ನೆಲ್ಲೂ ಕಾಣಲ್ಲ. ವೆಸ್ಟರ್ನ್ ಬ್ಲಾಟಲ್ಲಿ ಮಾತ್ರ ಆರೂ ಚೆನ್ನಾಗಿ ಬಂತು, ಯಾಕಂದ್ರೆ ಅಲ್ಲಿ ಪ್ರೋಟೀನ್ ಬಿಚ್ಚಿ ಹರಡಿರತ್ತೆ. ಅವತ್ತು ಸಂಜೆ ತುಂಬಾ ಅತ್ತಿದ್ದೆ.

ಎರಡನೇ ಸಲ ಯೋಚನೆನೇ ಬದಲಾಯ್ಸಿದ್ವಿ. ಮನುಷ್ಯರ ರಿಸೆಪ್ಟರ್ ಹಾಕಿರೋ ಬಾಲ್ಬ್ 3ಟಿ3 ಸೆಲ್‌ಗಳನ್ನೇ ಇಲಿಗೆ ಕೊಟ್ವಿ, ಆ ಸೆಲ್ ಅದೇ ತಳಿಯ ಇಲೀದೇ ಆದ್ದರಿಂದ ಇಲಿಗೆ ಹೊರಗಿನದ್ದು ಅನ್ನಿಸೋದು ಹೆಚ್ಚಾಗಿ ಆ ರಿಸೆಪ್ಟರ್ ಮಾತ್ರ. ಸ್ಕ್ರೀನಿಂಗ್ ಮೊದಲ ದಿನದಿಂದ್ಲೇ ಫ್ಲೋನಲ್ಲಿ. ಮನುಷ್ಯರ ರಿಸೆಪ್ಟರ್ ಇಲ್ಲದ ಸಾದಾ ಹ್ಯಾಮ್ಸ್ಟರ್ ಸಿಎಚ್‌ಓ ಸೆಲ್‌ಗೆ ಸಿಎಫ್‌ಎಸ್‌ಇ ಹಸಿರು ಬಣ್ಣ ಹಾಕಿ, ರಿಸೆಪ್ಟರ್ ಇರೋ ಸಿಎಚ್‌ಓ ಜೊತೆ ಒಂದೇ ಬಾವೀಲಿ ಬೆರೆಸ್ತಿದ್ದೆ, ಸೆಕೆಂಡರಿ (ನಮ್ಮ ಆ್ಯಂಟಿಬಾಡಿಯನ್ನ ಹಿಡಿಯೋ ಇನ್ನೊಂದು ಆ್ಯಂಟಿಬಾಡಿ) ಪಿಇ ಅನ್ನೋ ಬೇರೆ ಬಣ್ಣದ್ದು. ಹಸಿರಿಲ್ಲದ ಸೆಲ್ ಮಾತ್ರ ಪಿಇನಲ್ಲಿ ಮೇಲೆ ಹೋದ್ರೆ ಆ ಬಾವಿ ಇಟ್ಕೊ, ಎರಡೂ ಹೋದ್ರೆ ಬಿಡು. ಈ ಒಂದು ಉಪಾಯ ನಂಗೆ ಎಷ್ಟು ವಾರ ಉಳಿಸ್ತೋ ಹೇಳಕ್ಕಾಗಲ್ಲ, ದಯವಿಟ್ಟು ಮಾಡಿ ನೋಡಿ.

ಸೆಲ್‌ಗಳನ್ನ ಟ್ರಿಪ್ಸಿನ್ ಹಾಕಿ ಎಬ್ಬಿಸ್ಬೇಡಿ, ಹೊರಗಿನ ಭಾಗ ಕತ್ತರಿಸಿ ಹೋಗಬಹುದು, ಇಡಿಟಿಎ ಸಾಕು, ಸ್ವಲ್ಪ ನಿಧಾನ ಅಷ್ಟೇ. ಸ್ಟೇನಿಂಗ್ ಪೂರ್ತಿ ಐಸ್ ಮೇಲೆ, ಬಫರಲ್ಲಿ ಸೋಡಿಯಂ ಅಜೈಡ್ ಇರ್ಲಿ (ವಿಷ, ಗ್ಲೌಸ್ ಮರೀಬೇಡಿ), ಇಲ್ಲಾಂದ್ರೆ ಆ್ಯಂಟಿಬಾಡಿ ಕೂತ ರಿಸೆಪ್ಟರ್ ಒಳಗೆ ಹೋಗ್ಬಿಡತ್ತೆ, ನೀವು ನೆಗೆಟಿವ್ ಅಂದ್ಕೋತೀರ. ಇನ್ನೊಂದು, ಹ್ಯಾಟ್ ನಿಲ್ಲಿಸಿದ ತಕ್ಷಣ ಸಾದಾ ಮೀಡಿಯಂಗೆ ಹಾಕ್ಬೇಡಿ, ಅಮಿನೋಪ್ಟೆರಿನ್ ಸೆಲ್ ಒಳಗೆ ಉಳಿದಿರತ್ತೆ, ಎಚ್‌ಟಿನಲ್ಲಿ (ಅಮಿನೋಪ್ಟೆರಿನ್ ಇಲ್ಲದ ಹ್ಯಾಟ್) ಎರಡು ವಾರ ಇಡಿ. ನಾನು ಆತುರಪಟ್ಟು ಒಂದು ಒಳ್ಳೇ ಕ್ಲೋನ್ ಕಳ್ಕೊಂಡೆ.

ಕೊನೆಗೆ ಉಳಿದಿದ್ದು ಮೂರು. ಫ್ಲೋರೆಸೆಂಟ್ ಇಜಿಎಫ್ ಜೊತೆ ಪೈಪೋಟಿಗೆ ಬಿಟ್ಟಾಗ ಒಂದು ಮಾತ್ರ ಇಜಿಎಫ್ ಕೂರೋದನ್ನ ತಡೀತು. 1980ರ ದಶಕದಲ್ಲಿ ಅಮೆರಿಕದ ಜಾನ್ ಮೆಂಡೆಲ್‌ಸನ್ ತಂಡದ 225 ಅನ್ನೋ ಆ್ಯಂಟಿಬಾಡಿ ಮಾಡಿದ್ದೂ ಇದೇ ಕೆಲಸ, ಅದರಿಂದ್ಲೇ ಮುಂದೆ ಸೆಟುಕ್ಸಿಮ್ಯಾಬ್ ಅನ್ನೋ ಕ್ಯಾನ್ಸರ್ ಔಷಧಿ ಬಂತು. ನಮ್ಮದು ಲ್ಯಾಬ್ ಕೆಲಸಕ್ಕೆ ಅಷ್ಟೇ, ಆದ್ರೂ ಆ ಗ್ರಾಫ್ ನೋಡಿದಾಗ ಕೈ ನಡುಗ್ತಿತ್ತು. ನಮ್ಮ ಆ್ಯಂಟಿಬಾಡಿ ಇಲಿಯ ಐಜಿಜಿ1 ಬಗೆಯದ್ದು ಆಗಿದ್ರಿಂದ ಪ್ರೋಟೀನ್ ಎ ಕಾಲಮ್ ಸರಿಯಾಗಿ ಹಿಡೀಲಿಲ್ಲ, ಪ್ರೋಟೀನ್ ಜಿನಲ್ಲಿ ಶುದ್ಧ ಮಾಡಿದೆ. ಆ ಕ್ಲೋನಿನ 12 ವಯಲ್ ಈಗ ಎರಡು ಬೇರೆ ಬೇರೆ ನೈಟ್ರೋಜನ್ ಟ್ಯಾಂಕಲ್ಲಿ ಇಟ್ಟಿದೀನಿ.