ಹೊಸ ಮೀನೆಂದು ಹೇಳುವ ಮುನ್ನ

ಬೀದರ್ ಜಿಲ್ಲೆಯಲ್ಲಿ ಸುರಿದ ಮಳೆ ಎರಡು ದಾರಿ ಹಿಡಿಯುತ್ತದೆ. ಕಾರಂಜಾ ಸೇರಿದ ನೀರು ಮಾಂಜರಾ ಮೂಲಕ ಗೋದಾವರಿಗೆ ಹೋಗುತ್ತದೆ. ಮುಲ್ಲಾಮಾರಿಗೆ ಇಳಿದದ್ದು ಕಲಬುರಗಿ ಜಿಲ್ಲೆಯ ಚಿಂಚೋಳಿ ಸೀಮೆ ಹಾದು ಕಾಗಿಣಾ, ಭೀಮಾ ಕೂಡಿ ಕೃಷ್ಣೆಯ ಪಾಲಾಗುತ್ತದೆ. ಹಳ್ಳದ ಕಲ್ಲುಗಳ ನಡುವೆ ಬದುಕುವ ಸಣ್ಣ ಮೀನಿಗೆ ನಡುವಿನ ದಿಬ್ಬ ದಾಟುವುದು ಸುಲಭವಲ್ಲ. ಬಹುಕಾಲ ಹೀಗೆ ಅಗಲಿ ಉಳಿದರೆ, ನಾವು ಒಂದೇ ಎಂದುಕೊಂಡ ಮೀನು ಎರಡು ಪ್ರಭೇದಗಳಾಗಿರಬಹುದು. ಅದನ್ನು ಪರೀಕ್ಷಿಸುವ ಕೆಲಸ ನಮ್ಮ ಭಾಗದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಸಲ್ಲಬೇಕು.

ಬಲೆಗಿಂತ ಮೊದಲು ಹಳೆಯ ವಿವರಣೆಗಳನ್ನು ಕೈಗೆತ್ತಿಕೊಳ್ಳಿ. ಸೇನಾಧಿಕಾರಿ ಸೈಕ್ಸ್ 1839ರಲ್ಲಿ ದಖ್ಖನ್ನಿನ ಅನೇಕ ಮೀನುಗಳಿಗೆ ವೈಜ್ಞಾನಿಕ ಹೆಸರು ಕೊಟ್ಟರು. ಟೋರ್ ಖುದ್ರೀ ಎಂಬ ಮಹಶೀರ್ (ಗೆಂಡೆ ಬಳಗದ ದೊಡ್ಡ ನದಿಮೀನು) ಅವುಗಳಲ್ಲೊಂದು. ಅದು ಪುಣೆಯ ಬಳಿ, ಇದೇ ಭೀಮೆಗೆ ಸೇರುವ ನೀರಿನಲ್ಲಿ ಸಿಕ್ಕಿದ್ದು. ಹಾಗಾಗಿ ಕಲಬುರಗಿಯ ಮೀನನ್ನು ಹೋಲಿಸಬೇಕಾದದ್ದು ಮೊದಲಿಗೆ ಅಂಥ ಮೂಲ ಸ್ಥಳಗಳ ಮೀನಿನೊಂದಿಗೆ.

ಸಂಗ್ರಹಕ್ಕೆ ಸ್ಥಳೀಯ ಮೀನುಗಾರರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮಡುವಿನಲ್ಲಿ ಯಾವ ಕಾಲಕ್ಕೆ ಏನು ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಚಿಂಚೋಳಿ ವನ್ಯಜೀವಿ ಧಾಮದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಒಂದೇ ಮೀನು ಸಾಲದು: ಗಂಡು, ಹೆಣ್ಣು, ಮರಿ ಎಲ್ಲವೂ ಬೇಕು, ಏಕೆಂದರೆ ಬಣ್ಣ ಮತ್ತು ಆಕಾರ ವಯಸ್ಸಿಗೂ ಋತುವಿಗೂ ತಕ್ಕಂತೆ ಬದಲಾಗುತ್ತವೆ. ಆದರೆ ಅಗತ್ಯಕ್ಕಿಂತ ಒಂದೂ ಹೆಚ್ಚು ಹಿಡಿಯಬೇಡಿ. ಜೀವಂತವಿರುವಾಗಲೇ ಎಡಬದಿಯ ಫೋಟೊ ತೆಗೆಯಿರಿ; ಮೀನು ಕೆಡದಂತೆ ಇಡುವ ಫಾರ್ಮಾಲಿನ್‌ನಲ್ಲಿ ಬಣ್ಣ ಮಾಸುತ್ತದೆ.

ಮುಂದಿನ ಹಂತದಲ್ಲಿ ಕ್ರಮ ತಪ್ಪಿದರೆ ಎಲ್ಲವೂ ವ್ಯರ್ಥ. ಮೊದಲು ಬಲಬದಿಯ ರೆಕ್ಕೆಯ ಚೂರನ್ನೋ ಸ್ವಲ್ಪ ಮಾಂಸವನ್ನೋ ಕತ್ತರಿಸಿ ಶೇ 95ಕ್ಕಿಂತ ಕಡಿಮೆಯಿಲ್ಲದ ಎಥನಾಲ್‌ನಲ್ಲಿ ಹಾಕಿ, ಮೀನಿಗೂ ಸೀಸೆಗೂ ಒಂದೇ ಸಂಖ್ಯೆ ಬರೆಯಿರಿ. ಆಮೇಲಷ್ಟೇ ದೇಹವನ್ನು ಶೇ 10ರ ಫಾರ್ಮಾಲಿನ್‌ಗೆ ಹಾಕಿ. ಫಾರ್ಮಾಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಮನುಷ್ಯರಿಗೂ ವಿಷ, ಕೈಗವಸು ಬೇಕೇ ಬೇಕು. ದೇಹ ಗಟ್ಟಿಯಾದ ಬಳಿಕ ತೊಳೆದು ಶೇ 70ರ ಎಥನಾಲ್‌ಗೆ ಬದಲಿಸಿ.

ಈಗ ಅಳತೆ. ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದವರೆಗಿನ ಉದ್ದವೇ ಆಧಾರ. ದೇಹದ ಎತ್ತರ, ತಲೆಯ ಉದ್ದ ಮೊದಲಾದವನ್ನು ಅದರ ಶೇಕಡಾವಾರಾಗಿ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ದೊಡ್ಡ ಮೀನು, ಸಣ್ಣ ಮೀನು ಎಂಬ ವ್ಯತ್ಯಾಸವನ್ನೇ ಪ್ರಭೇದದ ವ್ಯತ್ಯಾಸವೆಂದು ಓದಿಬಿಡುತ್ತೇವೆ. ಕ್ಯಾಲಿಪರ್ 0.1 ಮಿಲಿಮೀಟರ್‌ವರೆಗೆ ತೋರಿಸುವಂತಿರಲಿ. ಬಳಿಕ ಎಣಿಕೆ: ಪಾರ್ಶ್ವರೇಖೆಯ (ಮೈಯ ಪಕ್ಕದಲ್ಲಿ ಉದ್ದಕ್ಕೂ ಕಾಣುವ ಗೆರೆ) ಮೇಲಿನ ಹುರುಪೆಗಳು, ಪ್ರತಿ ರೆಕ್ಕೆಯ ಕಡ್ಡಿಗಳು, ಮೀಸೆಗಳ ಜೋಡಿ, ಕಿವಿರಿನ ಮುಳ್ಳುಗಳು. ಬೆನ್ನುಮೂಳೆಯ ಮಣಿಗಳಿಗೆ ಎಕ್ಸ್‌ರೇ ಬೇಕು. ಗೆಂಡೆ ಜಾತಿಯವಾದರೆ ಗಂಟಲೊಳಗಿನ ಹಲ್ಲುಗಳ ಸಾಲನ್ನೂ ನೋಡಿ. ಇದು ಬೇಸರ ತರಿಸುವ ಕೆಲಸವೆನ್ನುವವರಿದ್ದಾರೆ. ನನಗೆ ಇಡೀ ವಿದ್ಯೆಯ ಜೀವಾಳ ಇಲ್ಲೇ ಇದೆ ಅನ್ನಿಸುತ್ತದೆ. ಮೀನು ಏನು ತಿನ್ನುತ್ತದೆ, ಎಂಥ ಸೆಳೆತದಲ್ಲಿ ಈಜುತ್ತದೆ ಎಂಬ ಸುಳಿವು ಬಾಯಿ ಮತ್ತು ರೆಕ್ಕೆಗಳಲ್ಲೇ ಸಿಗುತ್ತದೆ.

ವಂಶವಾಹಿ ಪರೀಕ್ಷೆಗೆ ಸಾಮಾನ್ಯವಾಗಿ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳ ಭಾಗವನ್ನು ಓದಿಸುತ್ತಾರೆ. ಬಂದ ಸರಣಿಯನ್ನು ಜೆನ್‌ಬ್ಯಾಂಕ್, ಬೋಲ್ಡ್ ಎಂಬ ಡಿಎನ್‌ಎ ಸರಣಿಗಳ ಅಂತರಜಾಲ ಭಂಡಾರಗಳಲ್ಲಿ ಹೋಲಿಸಿ. ಶೇ 2ರ ವ್ಯತ್ಯಾಸವನ್ನು ಪ್ರಭೇದಗಳ ನಡುವಿನ ಗಡಿಯೆಂದು ಹಲವರು ಬಳಸುತ್ತಾರೆ, ಆದರೆ ಅದು ನಿಯಮವಲ್ಲ. ಭಂಡಾರದಲ್ಲಿ ತಪ್ಪು ಹೆಸರಿನ ಸರಣಿಗಳೂ ಇರುತ್ತವೆ. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಬೆರಕೆ ಮೀನು ಅದರಲ್ಲಿ ಕಾಣದೆ ಹೋಗಬಹುದು; ಅನುಮಾನವಿದ್ದರೆ ಕೋಶಕೇಂದ್ರದ ಒಂದು ವಂಶವಾಹಿಯನ್ನೂ ಓದಿಸಿ.

ದೇಹದ ಸಾಕ್ಷ್ಯವೂ ಡಿಎನ್‌ಎಯೂ ಒಂದೇ ಕಡೆ ಬೊಟ್ಟು ಮಾಡಿದಾಗ ಪ್ರಭೇದ ಬೇರೆ ಎನ್ನಬಹುದು. ಆಗಲೂ ಅದು ಹೊಸದಾಗಿರಬೇಕೆಂದಿಲ್ಲ. ಕಾವೇರಿಯ ಡುಬ್ಬದ ಮಹಶೀರ್ ಅಷ್ಟು ಪ್ರಸಿದ್ಧವಾಗಿದ್ದರೂ ಅದರ ಗುರುತು ಖಚಿತವಾದದ್ದು 2018ರಲ್ಲಿ: ಅದಕ್ಕೂ ಮೊದಲೇ ಕೇರಳದ ಪಾಂಬಾರ್ ನದಿಯಿಂದ ವಿವರಿಸಿದ್ದ ಟೋರ್ ರೆಮಾದೇವಿಯೇ ಅದು ಎಂದು ದೇಹರಚನೆ ಮತ್ತು ಡಿಎನ್‌ಎ ಎರಡರಿಂದಲೂ ತಿಳಿಯಿತು.

ಹಳೆಯ ಯಾವ ಹೆಸರೂ ಹೊಂದದಿದ್ದರೆ ಒಂದು ಮಾದರಿಯನ್ನು ಹೋಲೊಟೈಪ್ (ಹೊಸ ಹೆಸರಿಗೆ ಆಧಾರವಾಗುವ ಮಾದರಿ) ಎಂದು ಗೊತ್ತುಮಾಡಿ, ವಿವರಣೆಯನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಂತರಜಾಲದಲ್ಲಷ್ಟೇ ಪ್ರಕಟವಾಗುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ಮಾದರಿಗಳನ್ನು ಕಾಲೇಜಿನ ಕಪಾಟಿನಲ್ಲಿ ಬಿಡಬೇಡಿ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸಿಹಿನೀರು ಜೀವಶಾಸ್ತ್ರ ಕೇಂದ್ರ ಹೈದರಾಬಾದಿನಲ್ಲೇ ಇದೆ. ಅಂಥ ಸಂಗ್ರಹಾಲಯಕ್ಕೆ ಒಪ್ಪಿಸಿ, ಅಲ್ಲಿ ಕೊಡುವ ನೋಂದಣಿ ಸಂಖ್ಯೆಯನ್ನು ಲೇಖನದಲ್ಲಿ ನಮೂದಿಸಿ.